ಮೂರು ಉಸಿರಿನ ಮೌನ

ಆ ಕ್ರೈಸ್ತ ಮಠದಲ್ಲಿ ಸಂಜೆಯ ಕೀರ್ತನೆ ನಾಲ್ಕನೆಯ ಸಾಲಿಗೆ ಬಂದು ಧೂಪದ ಹೊಗೆ ಏಳುತ್ತಿದ್ದಂತೆ, ಸನ್ಯಾಸಿಗಳೆಲ್ಲ ಮೂರು ಉಸಿರಿನಷ್ಟು ಹೊತ್ತು ಸುಮ್ಮನಾಗಿಬಿಡುತ್ತಿದ್ದರು. ಬೇರೆ ಯಾವ ಮಠದಲ್ಲೂ ಈ ಪದ್ಧತಿ ಇರಲಿಲ್ಲ. ಸೇರಿದ ಮೊದಲ ವಾರವೇ ಆ ಮೌನಕ್ಕೆ ಮಾರುಹೋಗಿದ್ದ ಮಠಾಧಿಪತಿಗಳು, ದೊಡ್ಡ ಸಂಗೀತ ವಿದ್ವಾಂಸರಾಗಿ ನಲವತ್ತು ವರ್ಷ ಅದರ ಮೂಲವನ್ನೇ ಹುಡುಕಿದ್ದರು. ಅದು ಸಾವಿರ ವರ್ಷ ಹಳೆಯದು, ಪಿತ, ಸುತ, ಪವಿತ್ರಾತ್ಮರಿಗೆ ತಲಾ ಒಂದೊಂದು ಉಸಿರು ಎಂದು ಆರುನೂರು ಪುಟ ಬರೆದೂ ಆಗಿತ್ತು. ಅದನ್ನು ಓದಿ ಅಡುಗೆಮನೆಯ ಬ್ರದರ್ ಕೂಡ ಕಣ್ಣೊರೆಸಿಕೊಂಡಿದ್ದರು. ನಾಳೆ ಆ ಪುಸ್ತಕದ ಬಿಡುಗಡೆ, ದೇಶವಿದೇಶದ ಪಂಡಿತರು ಆಗಲೇ ಬಂದಿಳಿದಿದ್ದರು.

ಕೊನೆಯದಾಗಿ ಒಂದು ಸಾಕ್ಷಿ ಸಿಕ್ಕಿಬಿಡಲಿ ಎಂದು ಮಠಾಧಿಪತಿಗಳು ತೊಂಬತ್ತು ದಾಟಿದ ಬ್ರದರ್ ಇನಾಸರ ಪಕ್ಕ ಹೋಗಿ ಕುಳಿತರು.

"ಬ್ರದರ್, ಆ ಮೌನ ನಿಮಗೆ ಕಲಿಸಿದ್ದು ಯಾರು?"

"ಕಲಿಸೋದೇನು ಬಂತು ಫಾದರ್? ನಾವೇ ಶುರು ಮಾಡಿದ್ದು."

ಮಠಾಧಿಪತಿಗಳು ಇನ್ನಷ್ಟು ಹತ್ತಿರ ಸರಿದರು. "ನೀವೇ? ಯಾವಾಗ?"

"ನೀವು ಬಂದ ವರ್ಷ. ಆಮೇಲೆ ಅಭ್ಯಾಸ ಆಗೋಯ್ತು. ಹೊಸದಾಗಿ ಬಂದೋರೂ ನಮ್ಮನ್ನ ನೋಡಿ ಹಾಗೇ ಸುಮ್ಮನಾಗ್ತಿದ್ರು."

"ಏನಾದ್ರೂ ದರ್ಶನ ಆಗಿತ್ತಾ? ದೇವವಾಣಿ?"

"ಅಯ್ಯೋ, ಅಂಥದ್ದೇನಿಲ್ಲ," ಎಂದು ಮುದುಕರು ಅವರ ಕೈ ತಟ್ಟಿದರು. "ಆಗ ಧೂಪದ ಹೊಗೆ ತಗುಲಿದ್ರೆ ಸಾಕು, ನೀವು ಸರಿಯಾಗಿ ಮೂರು ಸಲ ಸೀನ್ತಿದ್ರಿ, ಪಾಪ, ಹೊಸಬ್ರು, ಮುಗಿಸ್ಕೊಳ್ಳಲಿ ಅಂತ ನಾವೆಲ್ಲ ಕಾಯ್ತಿದ್ವಿ."