ಗುಂಡಿಗೆ ಒಂದು ಮೂಟೆ ಯೂರಿಯಾ

ಗೋವಿಂದಮ್ಮ ಕಡ್ಡಿ ಗೀರಿದ್ದೇ ಗೀರಿದ್ದು, ಗೋಬರ್ ಗ್ಯಾಸಿನ ಒಲೆ ಹತ್ತಲಿಲ್ಲ. ತಿರುಪು ಪೂರ್ತಿ ತಿರುಗಿಸಿದಳು, ಕೊಳವೆ ಅಲುಗಾಡಿಸಿದಳು. ಒಲೆ ಉಸ್ಸೆನ್ನಲೂ ಇಲ್ಲ.

ಹಿತ್ತಲಿಗೆ ಬಂದು ನೋಡಿದರೆ, ಗ್ಯಾಸು ತುಂಬಿ ಎದ್ದು ನಿಲ್ಲುತ್ತಿದ್ದ ಕಬ್ಬಿಣದ ಡ್ರಮ್ಮು ಗುಂಡಿಯೊಳಗೆ ಕುಸಿದು ಕೂತಿತ್ತು. ಸಗಣಿ ಕಲಸಿ ಬಿಡುವ ತೊಟ್ಟಿಯಿಂದ ಮೂಗಿಗೆ ಚುಚ್ಚುವ ಘಾಟು. ಪಕ್ಕದಲ್ಲಿ ಖಾಲಿ ಚೀಲವೊಂದು ಬಿದ್ದಿತ್ತು, ಗದ್ದೆಗೆಂದು ತಂದಿಟ್ಟಿದ್ದ ಯೂರಿಯಾ ಚೀಲ. ಅವಳ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಸೌದೆ ಹೊಗೆಗೆ ಅವಳ ಎಡಗಣ್ಣು ಆಗಲೇ ಮಂಜಾಗಿತ್ತು. ಇನ್ನೂ ಹೊಗೆ ಕುಡಿದರೆ ಬಲಗಣ್ಣೂ ಉಳಿಯುವುದಿಲ್ಲವೆಂದು ಕೊಳ್ಳೇಗಾಲದ ಡಾಕ್ಟರು ಹೇಳಿದ ಮೇಲೆಯೇ ಹೊನ್ನೂರಿನ ಈ ಮನೆಗೆ ಗ್ಯಾಸು ಬಂದದ್ದು. ಅದು ನೀಲಿಯಾಗಿ ಉರಿದ ದಿನವೇ ಗೋವಿಂದಮ್ಮ ಮಣ್ಣಿನ ಒಲೆಯನ್ನು ಹಾರೆಯಿಂದ ಒಡೆದು ತಿಪ್ಪೆಗೆ ಹಾಕಿದ್ದಳು.

ಜಗುಲಿಯಲ್ಲಿ ಗಂಡ ಕೆಂಪನಂಜಪ್ಪ ಒಬ್ಬನೇ ಇಸ್ಪೀಟು ಕಲೆಸುತ್ತಿದ್ದ. ಚೀಲವನ್ನು ಅವನ ಮುಂದೆ ಒಗೆದಳು.

"ಇದ್ನ ಯಾಕೆ ಗುಂಡಿಗೆ ಸುರಿದ್ರಿ?"

"ಗ್ಯಾಸು ಜಾಸ್ತಿ ಬರ್ಲಿ ಅಂತ ಕಣಮ್ಮಿ. ಪೈರಿಗೆ ಆಕುದ್ರೆ ಎಂಗೆ ಏಳ್ತದೆ! ಗುಂಡಿ ಒಳಗೆ ಗ್ಯಾಸು ಮಾಡೋ ಹುಳಕ್ಕೂ ಸಾರಜನಕ ಬೇಕು ಅಂತ ಗ್ರಾಮಸೇವಕ್ರೇ ಅಂದ್ರಲ್ಲ."

"ಒಲೆ ಉರೀತಿತ್ತಲ್ಲ! ಜಾಸ್ತಿ ಯಾಕೆ ಬೇಕಾಗಿತ್ತು?"

ಅವನ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ತೊಲೆಯಲ್ಲಿ ಹೊಸ ಗ್ಯಾಸ್ ದೀಪವೊಂದು ನೇತಾಡುತ್ತಿತ್ತು.

"ಓಹೋ, ರಾತ್ರಿ ಇಸ್ಪೀಟಿಗೆ! ನನ್ ಕಣ್ಣು ಹೋದ್ರೂ ನಿಮ್ಗೆ ರಾಜ ರಾಣಿ ಕಾಣ್ಬೇಕು!"

ಮಧ್ಯಾಹ್ನ ಯಳಂದೂರಿನಿಂದ ಸೈಕಲ್ಲಿನಲ್ಲಿ ಬಂದ ಗ್ರಾಮಸೇವಕ ರಂಗನಾಯಕ ತೊಟ್ಟಿಗೆ ಬಗ್ಗಿದವನೇ ಮೂಗು ಮುಚ್ಚಿಕೊಂಡ.

"ಬೇಕು ಅಂದೆ, ಮೂಟೆಗಟ್ಲೆ ಸುರೀರಿ ಅಂದ್ನಾ ಕೆಂಪನಂಜಪ್ಪನೋರೇ? ಸಗಣೀಲೇ ಬೇಕಾದಷ್ಟು ಅದೆ. ಅತಿಯಾದ್ರೆ ಅದೇ ಹುಳಕ್ಕೆ ವಿಷ. ಈ ಬಗ್ಗಡ ಎಲ್ಲಾ ಮೊಗೆದಾಕಿ, ಹೊಸ ಸಗಣಿ ಬಿಟ್ಟು ಕಾಯ್ಬೇಕು. ಒಂದೆರಡು ತಿಂಗ್ಳು ಗ್ಯಾಸಿನ ಆಸೆ ಬಿಡಿ."

"ಅಲ್ಲೀಗಂಟ ಸೌದೇಲಿ ಬೇಯಿಸ್ಕಂಡ್ರಾಯ್ತು ಬುಡಿ" ಎಂದ ಕೆಂಪನಂಜಪ್ಪ, ಏನೂ ಆಗಿಯೇ ಇಲ್ಲವೆಂಬಂತೆ.

ರಂಗನಾಯಕನ ಸೈಕಲ್ಲು ತಿರುವು ದಾಟಿದ ಮೇಲೆ ಗೋವಿಂದಮ್ಮ ಅಡುಗೆಮನೆಯಲ್ಲಿ ಮೂರು ಕಲ್ಲು ಹೂಡಿ, ಹಿತ್ತಲಲ್ಲಿ ನೆನೆದು ಬಿದ್ದಿದ್ದ ಸೌದೆ ತಂದು ಒಟ್ಟಿ, ಊದುಗೊಳವೆಯನ್ನು ಗಂಡನ ಕೈಗೆ ತುರುಕಿದಳು.

"ಬೇಯಿಸ್ಕಳಿ."

"ಗಂಡಸು ನಾನು ಒಲೆ ಊದಾದಾ?"

"ಊದ್ದೆ ಇದ್ರೆ ಉಪಾಸ ಬಿದ್ಕಳಿ. ಗ್ಯಾಸು ಬರೋಗಂಟ ಆ ಕಲ್ಲಿನ ಮುಂದಕ್ಕೆ ನಾನು ಕಾಲಿಡಾಕಿಲ್ಲ."

ಸಂಜೆ ಇಸ್ಪೀಟಿನ ಗೆಳೆಯರು ಬಂದಾಗ ಜಗುಲಿಯ ಚಾಪೆಯ ಮೇಲೆ ಗೋವಿಂದಮ್ಮ ಕಾಲು ನೀಡಿ ಕೂತಿದ್ದಳು. ಒಳಗಿನಿಂದ ಹೊಗೆ ಬರುತ್ತಿತ್ತು, ಹೊಗೆಯ ಹಿಂದೆ ಕೆಮ್ಮು. ಬಂದವರು ಮುಖ ಮುಖ ನೋಡಿಕೊಂಡು ಅಂಗಳದಲ್ಲೇ ನಿಂತರು.

ಕೆಂಪನಂಜಪ್ಪ ಕಣ್ಣುಜ್ಜುತ್ತ, ಗೋಡೆ ತಡವುತ್ತ ಬಾಗಿಲಿಗೆ ಬಂದ.

"ಏನೂ ಕಾಣಾಕಿಲ್ವಲ್ಲಮ್ಮಿ!"

ಗೋವಿಂದಮ್ಮ ಕೂತಲ್ಲಿಂದ ಏಳಲಿಲ್ಲ. ತೊಲೆಯತ್ತ ಕೈ ತೋರಿಸಿದಳು.

"ದೀಪ ಅಚ್ಲಾ?"