ತಗಡಿನ ಮೇಲೆ ಜೋಳದ ದಂಟು

ಒಣಗಿದ ಜೋಳದ ದಂಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ನಗು ಬರುತ್ತದೆ.

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಮನೆ. ಆ ವರ್ಷ ಅಪ್ಪ ಅದಕ್ಕೆ ಹೊಸ ತಗಡು ಹೊದಿಸಿದ್ದ. ಬಿಸಿಲಿಗೆ ಅದು ದೂರದ ಬಸ್ಸಿನವರಿಗೂ ಫಳಫಳ ಹೊಳೆಯುತ್ತಿತ್ತು. ಒಳಗೆ ಮಾತ್ರ ಕಾದ ರೊಟ್ಟಿಯ ಹಂಚು. ಬಾಣಂತನಕ್ಕೆ ಬಂದಿದ್ದ ಸೋದರತ್ತೆಯ ಕೂಸು ಮಧ್ಯಾಹ್ನವೆಲ್ಲ ಅಳುತ್ತಿತ್ತು.

“ಮ್ಯಾಲ ದಂಟು ಹೊಚ್ಚೋಣಲೇ,” ಎಂದು ಅಜ್ಜಿ ಅಂದರೆ ಅಪ್ಪ ಸಿಡುಕುತ್ತಿದ್ದ. “ಹೊಸ ತಗಡಿನ ಮ್ಯಾಲ ಕಸ ಹಾಕ್ತೀಯೇನಬೇ?”

ಅಪ್ಪ ಕೊಟ್ಟೂರು ಸಂತೆಗೆ ಹೋದ ದಿನ ಬೆಳಿಗ್ಗೆಯೇ ಅಜ್ಜಿ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ನಾನೂ ಅಕ್ಕನೂ ಹೊರೆ ಎತ್ತಿ ಕೊಟ್ಟೆವು. ಗರಿ ಕೈ ಕೊಯ್ಯುತ್ತಿತ್ತು, ಕೊರಳೆಲ್ಲ ನವೆ. ಗೇಣು ದಪ್ಪಕ್ಕೆ ದಂಟು ಹಾಸಿ, ಹಗ್ಗ ಬಿಗಿದೆವು.

ಮಧ್ಯಾಹ್ನದ ಬಸ್ಸು ನಮ್ಮಲ್ಲಿ ನಿಲ್ಲದೆ ಹೋಯಿತು. ಬಹಳ ಹೊತ್ತಿನ ಮೇಲೆ ಅಪ್ಪ ಬೆವರು ಸುರಿಸುತ್ತ ನಡೆದು ಬಂದ. ಯಾವಾಗಲೂ ತಗಡಿನ ಹೊಳಪು ಕಂಡ ಮೇಲೇ ಇಳಿಯಲು ಏಳುತ್ತಿದ್ದವನು, ಅವತ್ತು ಹೊಳಪು ಕಾಣದೆ ಮುಂದಿನ ಊರಿಗೇ ಹೋಗಿಬಿಟ್ಟಿದ್ದ!

“ಯಾರಬೇ ಇದನ್ನ ಮಾಡಿದ್ದು?” ಎಂದು ಒದರುತ್ತ ಒಳಗೆ ಕಾಲಿಟ್ಟವನು ಹಾಗೇ ನಿಂತ. ಒಳಗೆ ತಂಪಿತ್ತು.

“ಮೆಲ್ಲಕ ಮಾತಾಡು, ಕೂಸು ಮಲಗೈತಿ,” ಅಂದಳು ಅಜ್ಜಿ.

ಅಪ್ಪ ಕೂಸಿನ ಪಕ್ಕದಲ್ಲೇ ಬರಿನೆಲದ ಮೇಲೆ ಉರುಳಿಕೊಂಡ. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದ:

“ಯವ್ವಾ, ಇನ್ನೂ ದಂಟು ಅದಾವೇನು? ಅಡಗಿಮನಿ ಮ್ಯಾಲ ಖಾಲಿ ಐತಿ.”