ಮುರಿಗೆಪ್ಪನ ಮೂಗು, ಫಕ್ಕೀರವ್ವನ ಬೆಣ್ಣೆ

ಹಾವೇರಿ ಕಡೆಯ ಒಂದು ಮಂಗಳವಾರದ ಸಂತೆ... ಅಲ್ಲಿ ತುಪ್ಪದ ವ್ಯಾಪಾರಿ ಮುರಿಗೆಪ್ಪನ ಮೂಗಿನ ಮಾತೇ ಕೊನೆಯ ಮಾತು.

ಹಳ್ಳಿಯ ಹೆಂಗಸರು ತಂದ ಬೆಣ್ಣೆಯನ್ನು ಚೂರು ತೆಗೆದು, ಮುಂಗೈ ಮೇಲೆ ತಿಕ್ಕಿ ಮೂಸುತ್ತಿದ್ದ. ಹೂಂ ಎಂದರೆ ತಕ್ಕಡಿಗೆ. ಮುಖ ತಿರುಗಿಸಿದರೆ ಆ ಬೆಣ್ಣೆಯನ್ನು ಇಡೀ ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಅಂಥ ಮೂಗಿಗೇ ಸೈನಸ್ ಗಂಟುಬಿತ್ತು. ಒಳಗೆ ದುರ್ಮಾಂಸ ಬೆಳೆದು ಎರಡು ಆಪರೇಷನ್ ಆದವು. ಪ್ರತಿ ಸಲವೂ ತಲೆನೋವು ಇಳಿದು ಹಾಯೆನಿಸುವುದು... ಇವನು ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ನಿಲ್ಲಿಸುವನು, ಉಪ್ಪುನೀರಿನಲ್ಲಿ ಮೂಗು ತೊಳೆಯುವುದನ್ನು ಮರೆಯುವನು... ದುರ್ಮಾಂಸ ಮತ್ತೆ ಬೆಳೆಯುವುದು.

ಎರಡನೇ ಆಪರೇಷನ್ ಆಗಿ ವರ್ಷ ತುಂಬುವುದರೊಳಗೆ ವಾಸನೆ ಪೂರ್ತಿ ಹೋಯಿತು.

ಯಾರಿಗೂ ಹೇಳಲಿಲ್ಲ. ಸಂತೆಗೆ ಗೊತ್ತಾದರೆ ತನ್ನನ್ನು ಯಾರು ಕೇಳಿಯಾರು? ತಿಕ್ಕುತ್ತಿದ್ದ, ಮೂಸುತ್ತಿದ್ದ, ತಲೆಯಾಡಿಸುತ್ತಿದ್ದ.

ಅಷ್ಟರಲ್ಲಿ ಗಿರಾಕಿಗಳು, "ಸಾವ್ಕಾರ್ರ, ತುಪ್ಪ ಕಮಟ ಹೊಡಿತೈತ್ರಿ" ಎನ್ನತೊಡಗಿದರು.

ಯಾರ ಬೆಣ್ಣೆ ಕೆಟ್ಟದ್ದು? ಮೂಗು ಹೇಳದು. ಆದರೆ ಯಾರನ್ನಾದರೂ ತೋರಿಸಲೇಬೇಕು...

ಆ ಮಂಗಳವಾರ ಫಕ್ಕೀರವ್ವನ ಗಡಿಗೆ ಮುಂದೆ ಬಂತು. ವಯಸ್ಸಾದ ಹೆಂಗಸು, ಒಂದೇ ಎಮ್ಮೆಯ ಬದುಕು, ಪರವಾಗಿ ಮಾತಾಡುವವರಿಲ್ಲ.

ಮುರಿಗೆಪ್ಪ ಮೂಸಿದ. ಏನೂ ಬರಲಿಲ್ಲ. ಟವೆಲಿನಿಂದ ಮೂಗು ಮುಚ್ಚಿಕೊಂಡು, "ಏನವ್ವ, ಈ ವಯಸ್ಸಿನ್ಯಾಗ ಹಳಸಿದ್ದು ತಂದು ಕೊಡ್ತೀಯಲ್ಲ" ಎಂದ. ಹತ್ತಾರು ಜನರ ಮುಂದೆ.

ಆಕೆ ಗಡಿಗೆ ಎತ್ತಿಕೊಂಡು ಹೊರಟಳು. ಮತ್ತೆ ಸಂತೆಗೆ ಬರಲೇ ಇಲ್ಲ.

ತಲೆನೋವು ತಡೆಯಲಾಗದೆ ಮೂರನೇ ಆಪರೇಷನ್‌ಗೆ ಹೋದಾಗ ಡಾಕ್ಟರಮ್ಮ ನೇರವಾಗಿಯೇ ಹೇಳಿದರು. "ಉಸಿರಾಟ ಹಗುರ ಆಗ್ತೈತಿ. ವಾಸನಿ ಬರ್ತೈತಿ ಅಂತ ನಾ ಮಾತು ಕೊಡಂಗಿಲ್ಲ. ಬಂದ್ರೂ ಉಳೀತೈತಿ ಅಂತ ಹೇಳಾಕ ಆಗಂಗಿಲ್ಲ."

ದೇವರ ದಯೆ... ಆಪರೇಷನ್ ಆಗಿ ಐದನೇ ವಾರ ಪೂಜೆಗೆ ಕುಳಿತಾಗ ಊದುಬತ್ತಿ ಘಮ್ಮೆಂದಿತು. ಅವನಿಗೆ ಕಣ್ಣು ತುಂಬಿ ಬಂತು.

ಅಂಗಡಿಗೆ ಓಡಿದ. ಬಾಗಿಲು ತೆರೆದವನೇ ಓಕರಿಸಿದ.

ಕಮಟು ವಾಸನೆ ಅವನದೇ ತುಪ್ಪದ ಡಬ್ಬಿಗಳದು... ತಳದಲ್ಲಿ ವರ್ಷದ ಜಿಡ್ಡು. ತೊಳೆಯುವ ಹೊತ್ತಾಯಿತೆಂದು ಮೊದಲೆಲ್ಲ ಹೇಳುತ್ತಿದ್ದದ್ದು ಆ ಮೂಗೇ ಅಲ್ಲವೇ?

"ನಿನಗ ಗೊತ್ತಿತ್ತೇನ?" ಎಂದು ಹೆಂಡತಿ ಗಿರಿಜವ್ವನನ್ನು ಕೇಳಿದ.

"ಎರಡ ಸಲ ಹೇಳಿದೆ. ನನ್ನ ಮೂಗಿಗೆ ಪಾಠ ಹೇಳ್ತಿಯೇನ ಅಂದ್ರಿ. ಸುಮ್ಮನಾದೆ."

ಅಂದೇ ಫಕ್ಕೀರವ್ವನ ಊರಿಗೆ ಹೋದ. ಕೊಟ್ಟಿಗೆ ಖಾಲಿ. ಆಕೆ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು.

"ತಪ್ಪು ನನ್ನ ಡಬ್ಬಿದು, ಯವ್ವಾ. ಅವತ್ತ ನನಗ ವಾಸನಿನ ಬರ್ತಿರಲಿಲ್ಲ."

ಆಕೆ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟಳು. "ವಾಸನಿನ ಬರದ ಮೂಗು ಯಾಕ ಮುಚ್ಚಿಕೊಂಡ್ರಿ?"

ಮುರಿಗೆಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಮುದುಡಿಕೊಂಡ.

"ನನ್ನ ಕೈಯ ಹಳಸೈತೇನೋ ಅಂದ್ಕೊಂಡೆ... ಎಮ್ಮಿ ಮಾರಿದೆ. ನಲವತ್ತ ವರ್ಷ ವೀರಭದ್ರನ ದೀಪಕ್ಕ ನನ್ನ ಮನಿ ತುಪ್ಪ ಹೋಗ್ತಿತ್ತು. ಹಳಸಿದ್ದು ದೇವರಿಗೆ ಹೆಂಗ ಕೊಡ್ಲಿ ಅಂತ ಅದನ್ನೂ ಬಿಟ್ಟೆ."

ಇಷ್ಟು ಹೇಳಿ ಆಕೆ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ಮಂಗಳವಾರ ಮುರಿಗೆಪ್ಪ ಸಂತೆಯಲ್ಲಿ ನಿಂತು ಎಲ್ಲವನ್ನೂ ಹೇಳಿದ. ಹೆಂಗಸರು ಕೇಳಿದರು... ಒಬ್ಬೊಬ್ಬರಾಗಿ ಗಡಿಗೆ ಮುಚ್ಚಿ ಪಕ್ಕದ ಅಂಗಡಿಗೆ ನಡೆದರು.

ಈ ಸಲ ಸ್ಪ್ರೇ ನಿಲ್ಲಿಸಲಿಲ್ಲ, ಉಪ್ಪುನೀರು ಮರೆಯಲಿಲ್ಲ. ಆದರೂ ಎಂಟು ತಿಂಗಳಿಗೆ ವಾಸನೆ ಮತ್ತೆ ಮಂಕಾಯಿತು. ಈಗ ಅಪರೂಪಕ್ಕೆ ಯಾರಾದರೂ ಬೆಣ್ಣೆ ತಂದರೆ ಮೊದಲೇ ಹೇಳಿಬಿಡುತ್ತಾನೆ. "ನನಗ ತಿಳಿಯಂಗಿಲ್ಲವ್ವ. ಹೆಂಗೈತಿ ಅಂತ ನೀನ ಹೇಳು."

ಫಕ್ಕೀರವ್ವ ಮಾತ್ರ ಮತ್ತೆ ಎಮ್ಮೆ ಕಟ್ಟಲಿಲ್ಲ.

*ತಿಳಿಯದು ಎನ್ನಲು ನಾಚಿದವನ ಒಂದು ಮಾತು, ಇನ್ನೊಬ್ಬರಿಗೆ ತಮ್ಮ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಳ್ಳುತ್ತದೆ.*

ನಮಗೆ ಗೊತ್ತೇ ಇಲ್ಲದ ಸಂಗತಿಯಲ್ಲಿ, ನಾವು ಇದುವರೆಗೆ ಯಾರ ಮುಂದೆ ಮೂಗು ಮುಚ್ಚಿಕೊಂಡಿದ್ದೇವೆ...?